ಆಕಾರ ಕಂಡಿತು, ಕಲ್ಲು ಕಂಡಿತೇ?

ಕೋಲ್ಕತ್ತದ ಕಸ್ಬಾದಲ್ಲಿ ಕೂತು ಮರುಭೂಮಿಯ ಜ್ವಾಲಾಮುಖಿಗಳ ಬಗ್ಗೆ ವಾದ ಹೂಡುವುದು ಕೊಂಚ ವಿಚಿತ್ರವೇ. ಬಾಲಿಗಂಜ್ ಸ್ಟೇಷನ್ನಿನ ಹಳಿಗಳ ಮೇಲೆ ಬಿಜನ್ ಸೇತು ದಾಟಿ ಇಳಿದರೆ ಸಿಗುವ ಈ ಬಡಾವಣೆಯ ಅಡಿಯಲ್ಲಿರುವುದು ಗಂಗೆ ತಂದು ಸುರಿದ ಹೂಳು. ತೋಡಿದಷ್ಟೂ ಕೆಸರು, ಕಲ್ಲಿನ ಸುಳಿವಿಲ್ಲ. ಆದರೆ ಇಡೀ ದೇಶದ ಕಲ್ಲುಗಳ ಲೆಕ್ಕ ಇಡುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಅಂದರೆ ಜಿ.ಎಸ್.ಐ., 1851ರಿಂದ ನೆಲೆ ನಿಂತಿರುವುದು ಇದೇ ಊರಿನಲ್ಲಿ. ಹವ್ಯಾಸಿಗಳಿಗೆ ಹಾರಾಟ ಕಲಿಸಲು ದೇಶದಲ್ಲಿ ಮೊದಮೊದಲು ಹುಟ್ಟಿದ ಕ್ಲಬ್ಬುಗಳಲ್ಲೊಂದು 1929ರಲ್ಲಿ ಬಾಗಿಲು ತೆರೆದದ್ದು ಇಲ್ಲಿನ ದಮ್‌ದಮ್‌ನಲ್ಲಿ. ಹಾಗಾಗಿ ಕಸ್ಬಾದ ಒಂದು ಮಹಡಿಯ ಮೇಲೆ ಇಬ್ಬರು ಕನ್ನಡಿಗರು ಈ ಎರಡು ಹುಚ್ಚುಗಳನ್ನು ಎದುರುಬದುರು ಇಟ್ಟುಕೊಂಡು ಕೂತರೆ ತೀರಾ ಅಸಂಗತವೇನಲ್ಲ. ಒಬ್ಬರು ವಿಜಯಪುರದ ಕಡೆಯವರು, ಭೂವಿಜ್ಞಾನ ಓದಿದವರು. ಇನ್ನೊಬ್ಬ ಜಕ್ಕೂರಿನ ಏರೋಡ್ರೋಮಿನ ಬೇಲಿಯಾಚೆ ಬೆಳೆದು ಸಣ್ಣ ವಿಮಾನಗಳ ಗೀಳು ಹಚ್ಚಿಕೊಂಡವನು. ರಕ್ತಸಂಬಂಧವಿಲ್ಲ, ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದೊಡನೆ ಹುಟ್ಟುವ ನಂಟಿನಿಂದ ಅಕ್ಕ, ತಮ್ಮ. ಅಕ್ಕನ ವಿಜಯಪುರದ ಮಾತನ್ನು ಇಲ್ಲಿ ಬರಹದ ಕನ್ನಡಕ್ಕೆ ಇಳಿಸಿದೆ. ಅದರ ಬಿರುಸು ಒಂದಿಷ್ಟು ಸೋರಿಹೋಗಿದ್ದರೆ ಓದುವವರು ತುಂಬಿಕೊಳ್ಳಬೇಕು.

ತಮ್ಮ: ಅಕ್ಕಾ, ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಜ್ವಾಲಾಮುಖಿಗಳಿರುವ ಮರುಭೂಮಿಯನ್ನು ಅರಿಯುವುದಕ್ಕೆ ಎರಡು ಅಥವಾ ನಾಲ್ಕು ಸೀಟಿನ ಪುಟ್ಟ ವಿಮಾನಕ್ಕಿಂತ ತಕ್ಕ ವಾಹನ ಇನ್ನೊಂದಿಲ್ಲ. ಮಲೆನಾಡಿನಲ್ಲಾದರೆ ಮರ ಅಡ್ಡ, ಬಯಲುಸೀಮೆಯಲ್ಲಾದರೆ ಹೊಲ, ಊರು ಅಡ್ಡ. ಮರುಭೂಮಿಯಲ್ಲಿ ನೆಲ ಬರಿಮೈಯಲ್ಲಿ ಮಲಗಿರುತ್ತದೆ. ನಡೆದು ಹೋಗುವವನಿಗೆ ಲಾವಾ ಎಂದರೆ ಚಪ್ಪಲಿ ಹರಿಯುವ ಕಪ್ಪು ಕಲ್ಲಿನ ರಾಶಿ, ಅಷ್ಟೇ. ಅದೇ ರಾಶಿಯ ಮೇಲೆ ಐನೂರು ಮೀಟರ್ ಏರಿ ನೋಡಿದರೆ ಅದು ಯಾವ ಬಾಯಿಯಿಂದ ಉಕ್ಕಿತು, ಯಾವ ಕಡೆ ಹರಿಯಿತು, ಎಲ್ಲಿ ಹೆಪ್ಪುಗಟ್ಟಿ ನಿಂತಿತು ಎಂಬುದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಅಮೆರಿಕದ ಅರಿಜೋನಾದಲ್ಲಿ ಸುಮಾರು 600 ಜ್ವಾಲಾಮುಖಿಗಳ ಒಂದು ಬಯಲಿದೆ. ಜೇಮ್ಸ್ ಟರೆಲ್ ಎಂಬ ಕಲಾವಿದ ತನ್ನ ಕೃತಿಗೆ ಜಾಗ ಹುಡುಕುತ್ತ 1974ರಲ್ಲಿ ಪಶ್ಚಿಮ ಅಮೆರಿಕದ ಉದ್ದಗಲಕ್ಕೂ ತನ್ನ ಸಣ್ಣ ವಿಮಾನದಲ್ಲಿ ಅಲೆದ. ಕೊನೆಗೆ ರೋಡನ್ ಕ್ರೇಟರ್ ಎಂಬ ಬೂದಿಗುಡ್ಡವನ್ನು ಆರಿಸಿಕೊಂಡದ್ದು ಈ ಬಯಲಿನಲ್ಲೇ. ಜಾನ್ ಶೆಲ್ಟನ್ ಎಂಬ ಭೂವಿಜ್ಞಾನಿ ತಾನೇ ವಿಮಾನ ಹಾರಿಸಿ, ತಾನೇ ಚಿತ್ರ ತೆಗೆದು, 1966ರಲ್ಲಿ ಭೂವಿಜ್ಞಾನದ ಒಂದು ಪಠ್ಯವನ್ನೇ ಆ ಚಿತ್ರಗಳ ಮೇಲೆ ಕಟ್ಟಿದ. ಇವರಿಬ್ಬರೂ ಗಾಳಿಯಲ್ಲಿ ಮೋಜು ಮಾಡಿದವರಲ್ಲ, ನೆಲ ಓದಿದವರು.

ಅಕ್ಕ: ಶೆಲ್ಟನ್ ಬಗ್ಗೆ ನನ್ನ ತಕರಾರಿಲ್ಲ. ಅವನು ಮೊದಲು ಕಲ್ಲು ಕಲಿತು ಆಮೇಲೆ ಹಾರಿದವನು. ಕೆಳಗೆ ಏನಿದೆಯೆಂದು ಗೊತ್ತಿದ್ದುಕೊಂಡೇ ಮೇಲಿಂದ ನೋಡಿದ. ನೀನು ಹೇಳಿದ ಬಯಲಿನ ಜ್ವಾಲಾಮುಖಿಗಳ ವಯಸ್ಸನ್ನೂ ಗಮನಿಸು. ರೋಡನ್ ಕ್ರೇಟರಿಗೆ ಸುಮಾರು ನಾಲ್ಕು ಲಕ್ಷ ವರ್ಷ. ಅಲ್ಲೇ ಇರುವ ಸನ್‌ಸೆಟ್ ಕ್ರೇಟರ್ ಹುಟ್ಟಿ ಸಾವಿರ ವರ್ಷವೂ ಆಗಿಲ್ಲ. ಭೂಮಿಯ ಲೆಕ್ಕದಲ್ಲಿ ಇವು ಹಾಲುಗಲ್ಲದ ಕೂಸುಗಳು. ಮಳೆ ಕಡಿಮೆ ಇರುವುದರಿಂದ ಮೂಗು, ಬಾಯಿ ಇನ್ನೂ ಅಳಿಸಿಲ್ಲ, ಮೇಲಿಂದ ನೋಡಿದವರಿಗೆ ಗುರುತು ಸಿಗುತ್ತದೆ. ಆದರೆ ಅದೇ ಬಯಲಿಗೆ ಸಮೀಪದಲ್ಲಿ ಇನ್ನೊಂದು ಗುಂಡಿಯಿದೆ. ಅಗಲ ಸುಮಾರು 1.2 ಕಿಲೋಮೀಟರ್, ಆಳ 170 ಮೀಟರ್. ಸುತ್ತಲೂ ನೂರಾರು ಜ್ವಾಲಾಮುಖಿಗಳಿರುವಾಗ ಇದೂ ಅವುಗಳ ಬಳಗವೇ ಎನಿಸುವುದು ಸಹಜ. ಅಮೆರಿಕದ ಘಟಾನುಘಟಿ ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ 1891ರಲ್ಲಿ ಅಲ್ಲಿಗೆ ಹೋಗಿ, ಲಾವಾದ ಕಾವಿಗೆ ನೆಲದೊಳಗಿನ ನೀರು ಹಬೆಯಾಗಿ ಸ್ಫೋಟಿಸಿ ಆದದ್ದೆಂದು ತೀರ್ಮಾನಿಸಿದ. ಅದು ಉಲ್ಕೆ ಬಿದ್ದು ಆದ ಗುಂಡಿ. ನಮ್ಮ ಲೋಣಾರದ ಕತೆಯೂ ಇದೇ. ಬುಲ್ಢಾಣಾ ಜಿಲ್ಲೆಯಲ್ಲಿ, ಅಪ್ಪಟ ದಖನ್ ಬಸಾಲ್ಟಿನ ನಡುವೆ, ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆ ಗುಂಡಿ, ಅದರ ತಳದಲ್ಲಿ ಸರೋವರ. ಲಾವಾದ ನೆಲದಲ್ಲಿ ದುಂಡು ಬಾಯಿ ಕಂಡರೆ ಜ್ವಾಲಾಮುಖಿ ಎನ್ನದೆ ಇನ್ನೇನೆನ್ನುತ್ತಾರೆ? ಅದೂ ಉಲ್ಕೆಯದೇ ಕೆಲಸ. ಈ ಎರಡು ಗುಂಡಿಗಳನ್ನೂ ರೋಡನ್ ಕ್ರೇಟರನ್ನೂ ಒಂದರ ಪಕ್ಕ ಒಂದಿಟ್ಟು ಮೇಲಿಂದ ತೋರಿಸಿದರೆ, ತಿಳಿಯದ ಕಣ್ಣಿಗೆ ಮೂರೂ ಒಂದೇ.

ತಮ್ಮ: ನಿಲ್ಲಿ, ನಿಲ್ಲಿ. ಗಿಲ್ಬರ್ಟ್ 1891ರಲ್ಲಿ ಹೋದದ್ದು ವಿಮಾನದಲ್ಲಲ್ಲವಲ್ಲ! ಆಗ ವಿಮಾನವೇ ಹುಟ್ಟಿರಲಿಲ್ಲ. ನೆಲದ ಮೇಲೆ ನಡೆದಾಡಿ, ಅಳತೆ ಮಾಡಿ, ಅಯಸ್ಕಾಂತದ ಉಪಕರಣ ಹಿಡಿದು ಪರೀಕ್ಷಿಸಿದವನೇ ತಪ್ಪಿದ. ಲೋಣಾರದ ದಂಡೆಯಲ್ಲೂ ತಲೆಮಾರುಗಟ್ಟಲೆ ಜನ ಓಡಾಡಿದ್ದಾರೆ. ಹಾಗಿದ್ದಮೇಲೆ ತಪ್ಪನ್ನು ಆಕಾಶದ ತಲೆಗೆ ಕಟ್ಟುವುದು ಯಾವ ನ್ಯಾಯ?

ಅಕ್ಕ: ಒಳ್ಳೆಯ ಪ್ರಶ್ನೆ ಕೇಳಿದೆ. ನೆಲದ ಮೇಲೆ ನಿಂತವರು ತಪ್ಪುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತಪ್ಪು ತಿದ್ದಿಕೊಳ್ಳುವ ದಾರಿ ಎಲ್ಲಿದೆ ಎಂದು ಹೇಳುತ್ತಿದ್ದೇನೆ. ಅರಿಜೋನಾದ ಗುಂಡಿಯ ವಿವಾದ ಬಗೆಹರಿದದ್ದು ಇನ್ನಷ್ಟು ಎತ್ತರದಿಂದ ಇನ್ನಷ್ಟು ಚೆಂದದ ಚಿತ್ರ ತೆಗೆದಿದ್ದರಿಂದಲ್ಲ. ಅಲ್ಲಿನ ಮರಳುಗಲ್ಲಿನ ಚೂರುಗಳಲ್ಲಿ ಕೋಸೈಟ್ ಎಂಬ ಖನಿಜವನ್ನು 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಸಂಗಡಿಗರು ಪತ್ತೆ ಹಚ್ಚಿದರು. ಬೆಣಚುಕಲ್ಲು ಕೋಸೈಟ್ ಆಗಬೇಕಾದರೆ ಬೇಕಾಗುವ ಒತ್ತಡವನ್ನು ನೆಲದ ಮೇಲ್ಪದರದಲ್ಲಿ ಯಾವ ಜ್ವಾಲಾಮುಖಿಯೂ ಕೊಡಲಾರದು, ಉಲ್ಕೆಯ ಗುದ್ದು ಕೊಡಬಲ್ಲದು. ಲೋಣಾರದಲ್ಲಿ ಸರೋವರದ ತಳ ಕೊರೆದು ಮೇಲೆತ್ತಿದ ಕಲ್ಲಿನಲ್ಲಿ ಗುದ್ದಿನ ಗುರುತುಗಳು ಸಿಕ್ಕವು. ಅಮೆರಿಕದ ವಿಜ್ಞಾನಿಗಳ ಜೊತೆ ನಮ್ಮ ಜಿ.ಎಸ್.ಐ.ನವರೂ ಸೇರಿ ಬರೆದ ಆ ಪ್ರಬಂಧ 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೇಲಿಂದ ಕಂಡ ಆಕಾರ ಎಂದರೆ ಠಾಣೆಯಲ್ಲಿ ಕೊಟ್ಟ ಫಿರ್ಯಾದಿ ಇದ್ದಂತೆ. ಅದಿಲ್ಲದೆ ಕೇಸು ಶುರುವಾಗುವುದಿಲ್ಲ, ನಿಜ. ಆದರೆ ಅದೊಂದನ್ನೇ ನಂಬಿ ಯಾರೂ ತೀರ್ಪು ಬರೆಯುವುದಿಲ್ಲ. ನಿನ್ನಂಥ ಹಾರಾಟದವರ ಜೊತೆ ನನ್ನ ಜಗಳ ಇಷ್ಟಕ್ಕೇ: ನೀವು ಫಿರ್ಯಾದಿ ಕೊಟ್ಟು ತೀರ್ಪು ಬಂತೆಂದು ಮನೆಗೆ ಹೋಗುತ್ತೀರಿ.

ತಮ್ಮ: ಸರಿ, ಫಿರ್ಯಾದಿಯೇ ಆಗಲಿ. ನೆಲದ ಮೇಲಿದ್ದವರು ಅದನ್ನೂ ಕೊಡಲಾಗದ ಒಂದು ಪ್ರಸಂಗ ಹೇಳುತ್ತೇನೆ ಕೇಳಿ. ಸಿರಿಯಾದ ದಕ್ಷಿಣದಿಂದ ಜೋರ್ಡಾನ್ ಹಾದು ಸೌದಿ ಅರೇಬಿಯದೊಳಕ್ಕೆ ಹಬ್ಬಿರುವ ಕಪ್ಪು ಬಸಾಲ್ಟಿನ ಮರುಭೂಮಿಯಿದೆ, ಅರಬ್ಬರು ಹರ್ರಾ ಎನ್ನುತ್ತಾರೆ. ಕಾಲಿಡಲು ಜಾಗವಿಲ್ಲದಂತೆ ಕಲ್ಲು, ಒಂಟೆಗಳೇ ಹಿಂಜರಿಯುವ ನೆಲ. ಬ್ರಿಟಿಷ್ ವಾಯುಪಡೆ 1921ರಲ್ಲಿ ಕೈರೋದಿಂದ ಬಾಗ್ದಾದಿಗೆ ಟಪಾಲು ಒಯ್ಯಲು ಶುರುಮಾಡಿದಾಗ ಪೈಲಟ್ಟುಗಳು ದಾರಿ ತಪ್ಪದಿರಲೆಂದು ಮರುಭೂಮಿಯ ಉದ್ದಕ್ಕೂ ನೇಗಿಲಿನಿಂದ ಗೆರೆ ಎಳೆದಿದ್ದರು. ಆ ಗೆರೆಯ ಜಾಡು ಹಿಡಿದು ಹಾರುತ್ತಿದ್ದವರಿಗೆ ಕಪ್ಪು ಕಲ್ಲಿನ ನಡುವೆ ಗಾಳಿಪಟದ ಆಕಾರದ ದೈತ್ಯ ಗೋಡೆಗಳು ಕಂಡವು. ಎರಡು ಉದ್ದನೆಯ ಬಾಲ ನೂರಾರು ಮೀಟರ್ ದೂರದಿಂದ ಬಂದು ಒಂದು ಬಯಲಿಗೆ ಕೂಡಿಕೊಳ್ಳುತ್ತವೆ. ಪರ್ಸಿ ಮೇಟ್‌ಲ್ಯಾಂಡ್ ಎಂಬ ಪೈಲಟ್ 1927ರಲ್ಲಿ ಇದನ್ನು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ. ಮೊಣಕಾಲೆತ್ತರದ ಗೋಡೆ, ಪಕ್ಕದಲ್ಲಿ ನಿಂತವನಿಗೆ ಅದು ಕಲ್ಲಿನ ನಡುವೆ ಇನ್ನೊಂದು ಕಲ್ಲಿನ ಸಾಲು. ಸಾವಿರಾರು ವರ್ಷ ಅಲ್ಲಿ ಒಂಟೆ ಮೇಲೆ ಓಡಾಡಿದವರಿಗೆ ಕಾಣದ ರೂಪ ಹಗುರ ರೆಕ್ಕೆಯವರಿಗೆ ಒಂದು ಮಧ್ಯಾಹ್ನದಲ್ಲಿ ಕಂಡಿತು. ಟಪಾಲಿನ ಆ ವಿಮಾನಮಾರ್ಗವೇ ಮುಂದೆ ಇಂಪೀರಿಯಲ್ ಏರ್‌ವೇಸಿನ ಕೈಸೇರಿ, 1929ರಲ್ಲಿ ಕರಾಚಿ ಮುಟ್ಟಿ, 1933ರಲ್ಲಿ ಜೋಧಪುರ, ದೆಹಲಿ, ಅಲಹಾಬಾದ್ ಹಾದು ನಮ್ಮ ದಮ್‌ದಮ್‌ಗೆ ಬಂತು. ಇಲ್ಲಿ ಕೂತು ಇದನ್ನು ಮಾತಾಡುವುದಕ್ಕೆ ನಮಗೆ ಹಕ್ಕಿದೆ.

ಅಕ್ಕ: ಹಕ್ಕು ಇದೆ, ಇಲ್ಲ ಎಂದವರಾರು? ಆದರೆ ‘ನೆಲದವರಿಗೆ ಕಾಣಲಿಲ್ಲ’ ಎಂಬ ಮಾತನ್ನು ಸ್ವಲ್ಪ ತಡೆದು ಹೇಳು. ಆ ಗೋಡೆಗಳು ಹಿಂದಿನ ಕಾಲದ ಹಿರಿಯರ ಕೆಲಸ ಎಂದು ಮೇಟ್‌ಲ್ಯಾಂಡನಿಗೆ ಹೇಳಿಕೊಟ್ಟವರು ಅಲ್ಲಿನ ಬೆದೂಯಿನರೇ. ತನ್ನ ಲೇಖನಕ್ಕೆ ಶೀರ್ಷಿಕೆಯನ್ನೂ ಅವನು ಅವರ ಬಾಯಿಂದಲೇ ತೆಗೆದುಕೊಂಡ. ಅಂದರೆ ಅವು ಮನುಷ್ಯರು ಕಟ್ಟಿದ್ದು, ಬಹಳ ಹಳೆಯವು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ನಕ್ಷೆ. ವಿಮಾನ ಕೊಟ್ಟಿದ್ದು ನಕ್ಷೆಯನ್ನು. ಅದು ಸಣ್ಣ ಕೊಡುಗೆಯಲ್ಲ. ಆದರೆ ಮುಂದೇನಾಯಿತು ನೋಡು. ಕೋಟೆಗೋಡೆ ಎಂದರು, ದನಕರು ಕೂಡಿಹಾಕುವ ದೊಡ್ಡಿ ಎಂದರು, ಬೇಟೆಯ ಬಲೆ ಎಂದರು. ಆಕಾಶದಿಂದ ನೋಡಿದಷ್ಟು ಕಾಲವೂ ಮೂರು ಮಾತಿಗೂ ಸಮಾನ ಬಲ. ಬೇಟೆಯ ಮಾತು ಗಟ್ಟಿಯಾದದ್ದು ಅಗೆದವರಿಂದ. ಜೋರ್ಡಾನಿನ ಆಗ್ನೇಯದಲ್ಲಿ ಅಗೆದಾಗ ಗಾಳಿಪಟದ ಅಂಚಿನಲ್ಲಿ ಜಿಂಕೆಗಳು ಹಾರಿ ಬೀಳುವಂತೆ ತೋಡಿದ ಆಳದ ಗುಂಡಿಗಳು ಸಿಕ್ಕವು, ಬೇಟೆಗಾರರ ಬೀಡುಗಳಲ್ಲಿ ಗೆಜೆಲ್ ಜಿಂಕೆಯ ಮೂಳೆಗಳು ಸಿಕ್ಕವು, ಕಾಲ ಸುಮಾರು 9,000 ವರ್ಷ ಹಿಂದಕ್ಕೆ ಹೋಯಿತು. ಗಾಳಿಪಟ ಎಂಬ ಹೆಸರನ್ನು ಆಕಾಶದವರು ಇಟ್ಟರು. ಅದರ ಕಸುಬು ಏನೆಂದು ಹೇಳಿದ್ದು ಸಲಿಕೆ.

ತಮ್ಮ: ಈಗ ನಿಮ್ಮ ಪರವಾಗಿ ನಾನೇ ಒಂದು ಆಕ್ಷೇಪ ಎತ್ತುತ್ತೇನೆ, ಏಕೆಂದರೆ ವಿಮಾನದ ಹುಚ್ಚಿನವರಿಗೆ ನಿಜವಾಗಿ ನೋಯುವ ಜಾಗ ಅದೇ. ಈ ಗಾಳಿಪಟಗಳು ಈಗ 6,000ಕ್ಕೂ ಹೆಚ್ಚು ಗೊತ್ತಾಗಿವೆ. ಅವುಗಳಲ್ಲಿ ಬಹುಪಾಲನ್ನು ಪತ್ತೆ ಹಚ್ಚಿದ್ದು ಉಪಗ್ರಹದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ ಕೂತವರು. ಕಸ್ಬಾದ ಹುಡುಗನೊಬ್ಬ ಮೊಬೈಲಿನಲ್ಲೇ ಸೌದಿಯ ಹರ್ರತ್ ಖೈಬರ್ ಎಂಬ ಲಾವಾ ಬಯಲನ್ನು ಸುತ್ತಿಬರಬಹುದು. ಪೆಟ್ರೋಲಿಲ್ಲ, ಲೈಸೆನ್ಸಿಲ್ಲ. ಹಾಗಾದರೆ ಸಣ್ಣ ವಿಮಾನದ ಕಾಲ ಮುಗಿಯಿತೇ?

ಅಕ್ಕ: ಅರ್ಧ ಮುಗಿದಿದೆ. ಇದನ್ನು ಒಪ್ಪಿಕೊಂಡರೆ ಮಾತ್ರ ಉಳಿದರ್ಧಕ್ಕೆ ಬೆಲೆ ಬರುತ್ತದೆ. ಆಸ್ಟ್ರೇಲಿಯದ ಡೇವಿಡ್ ಕೆನಡಿ ಎಂಬ ಪುರಾತತ್ತ್ವಜ್ಞರನ್ನೇ ತೆಗೆದುಕೋ. ಸೌದಿಯ ಲಾವಾ ಬಯಲುಗಳಲ್ಲಿ ನೂರಾರು ಕಲ್ಲಿನ ಕಟ್ಟಣೆಗಳನ್ನು ಅವರು ಗುರುತಿಸಿದ್ದು ಉಪಗ್ರಹ ಚಿತ್ರಗಳಲ್ಲಿ. ಆದರೂ 2017ರಲ್ಲಿ ಅವಕಾಶ ಸಿಕ್ಕ ಕೂಡಲೇ ಹೆಲಿಕಾಪ್ಟರ್ ಏರಿ ಅವುಗಳ ಮೇಲೆ ಹಾರಿದರು. ಏಕೆ? ಉಪಗ್ರಹ ತನಗೆ ಗೊತ್ತುಮಾಡಿದ ಹೊತ್ತಿಗೆ ಬರುತ್ತದೆ. ನೆಲದ ಚಿತ್ರ ತೆಗೆಯುವ ನಮ್ಮ ಐ.ಆರ್.ಎಸ್. ಉಪಗ್ರಹಗಳು ಹಾಯುವುದು ಬೆಳಗಿನ ಹತ್ತೂವರೆಯ ಸುಮಾರಿಗೆ. ಆಗ ಬಿಸಿಲು ಏರಿರುತ್ತದೆ, ನೆರಳು ಕುಗ್ಗಿರುತ್ತದೆ. ಮೊಣಕಾಲೆತ್ತರದ ಗೋಡೆ ಎದ್ದು ಕಾಣಬೇಕಾದರೆ ಸೂರ್ಯ ದಿಗಂತಕ್ಕೆ ತಾಗಿರಬೇಕು, ನೋಡುವವನು ಪಕ್ಕಕ್ಕೆ ಓರೆಯಾಗಿರಬೇಕು. ಆ ಹೊತ್ತನ್ನೂ ಆ ಓರೆಯನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಣ್ಣ ವಿಮಾನಕ್ಕಿದೆ. ಲೇಸರ್ ಅಳತೆಯಿಂದ ನೆಲದ ಏರಿಳಿತ ತೆಗೆದು ಕಂಪ್ಯೂಟರಿನಲ್ಲೇ ಬೇಕಾದ ಕಡೆಯಿಂದ ಬಿಸಿಲು ಬೀಳಿಸಬಹುದಲ್ಲ ಎನ್ನುವೆ. ಬೀಳಿಸಬಹುದು. ಆದರೆ ಆ ಲೇಸರ್ ಉಪಕರಣವನ್ನೂ ಹೆಚ್ಚಾಗಿ ಹೊತ್ತು ಹಾರುವುದು ವಿಮಾನವೇ, ಈಚೆಗೆ ಡ್ರೋನ್. ಒಟ್ಟಿನಲ್ಲಿ ಹುಡುಕುವ ಕೆಲಸ ಉಪಗ್ರಹಕ್ಕೆ ಹೋಯಿತು. ಸಂಶಯ ಬಂದ ಜಾಗವನ್ನು ಹತ್ತಿರದಿಂದ ದಿಟ್ಟಿಸುವ ಕೆಲಸ ಉಳಿಯಿತು. ಅದರಲ್ಲೂ ಡ್ರೋನ್ ಪಾಲು ಕೇಳುತ್ತಿದೆ. ಹಾಗಾಗಿ ವಿಮಾನದ ಹುಚ್ಚಿನವರು ‘ನಾವಿಲ್ಲದೆ ವಿಜ್ಞಾನ ನಡೆಯದು’ ಎಂಬ ಜಂಬವನ್ನು ಬಿಡುವುದು ಒಳ್ಳೆಯದು.

ತಮ್ಮ: ಅಮೆರಿಕ, ಅರಬ್ಬಸ್ಥಾನ ಆಯಿತು. ನಮ್ಮಲ್ಲಿ ಜ್ವಾಲಾಮುಖಿಯ ಮರುಭೂಮಿ ಎಲ್ಲಿದೆ? ಅಂಡಮಾನಿನ ಬ್ಯಾರನ್ ದ್ವೀಪ ಉಗುಳುತ್ತಿದೆ, ಆದರೆ ಅದು ಸಮುದ್ರದ ನಡುವೆ. ಥಾರ್ ಎಂದರೆ ಮರಳು.

ಅಕ್ಕ: ಇಲ್ಲಿಗೇ ನಿನ್ನನ್ನು ಕರೆತರಬೇಕೆಂದಿದ್ದೆ. ಥಾರ್ ಎಂದರೆ ಮರಳು ಎಂಬುದು ಕ್ಯಾಲೆಂಡರಿನ ಚಿತ್ರ. ಆ ಮರಳಿನ ಕೆಳಗೆ, ನಡುನಡುವೆ ತಲೆಯೆತ್ತಿರುವ ಕೆಂಪು, ಕಂದು ಗುಡ್ಡಗಳಲ್ಲಿ, ಸುಮಾರು 75 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿ ಶಿಲೆಗಳಿವೆ. ಮಾಲಾನಿ ಶಿಲಾಸಮೂಹ ಎಂದು ಹೆಸರು. ಜೋಧಪುರ, ಪಾಲಿ, ಜಾಲೋರ್, ಬಾಡಮೇರ್ ಕಡೆಗೆಲ್ಲ ಹಬ್ಬಿದ ಇದರ ವಿಸ್ತಾರ ಸುಮಾರು 50,000 ಚದರ ಕಿಲೋಮೀಟರ್. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳು ನಾಲ್ಕನ್ನೂ ಕೂಡಿಸಿದರೂ ಸಾಲದಷ್ಟು ನೆಲ. ನಮ್ಮ ದಖನ್ನಿನಂತೆ ತೆಳ್ಳಗೆ ಹರಿಯುವ ಲಾವಾ ಅಲ್ಲ. ಸಿಲಿಕಾ ಹೆಚ್ಚಿರುವ ಮಂದ ಲಾವಾ, ರಯೋಲೈಟ್ ಎನ್ನುತ್ತಾರೆ. ಅದು ಸುಮ್ಮನೆ ಹರಿಯುವುದಿಲ್ಲ, ಸಿಡಿಯುತ್ತದೆ. ಸಿಡಿದ ಕಾದ ಬೂದಿ ಬಿದ್ದಲ್ಲೇ ಒಂದಕ್ಕೊಂದು ಬೆಸೆದು ಕಲ್ಲಾಗುತ್ತದೆ. ರಾವ್ ಜೋಧಾ 1459ರಲ್ಲಿ ಅಡಿಗಲ್ಲಿಟ್ಟ ಮೆಹ್ರಾನ್‌ಗಢ ಕೋಟೆ ನಿಂತಿರುವುದು ಈ ಬಂಡೆಯ ಮೇಲೆ. ಈಗ ನನ್ನ ಪ್ರಶ್ನೆ: ಇದರ ಮೇಲೆ ಹಾರಿದರೆ ಜ್ವಾಲಾಮುಖಿ ಕಾಣುತ್ತದೆಯೇ? ಕಾಣುವುದಿಲ್ಲ. ಬಾಯಿ ಇಲ್ಲ, ಬೂದಿಗುಡ್ಡ ಇಲ್ಲ, ಹರಿದ ಗುರುತಿಲ್ಲ. 75 ಕೋಟಿ ವರ್ಷದ ಗಾಳಿ, ಮಳೆ, ಸಮುದ್ರ ಎಲ್ಲವೂ ಸೇರಿ ಆಕಾರವನ್ನು ತಿಂದುಹಾಕಿವೆ, ಉಳಿದಿರುವುದು ಕಲ್ಲು ಮಾತ್ರ. ಇದನ್ನು ಜ್ವಾಲಾಮುಖಿಯ ನೆಲ ಎಂದು ಗುರುತಿಸಿ ಮಾಲಾನಿ ಎಂಬ ಹೆಸರನ್ನು 1877ರಲ್ಲಿ ದಾಖಲಿಸಿದವರು ಜಿ.ಎಸ್.ಐ.ನ ಡಬ್ಲ್ಯೂ. ಟಿ. ಬ್ಲ್ಯಾನ್‌ಫರ್ಡ್. ಅವರ ಹಿಂದೆ ಲಾ ಟೂಷ್ ಬಂದು 1902ರಲ್ಲಿ ಪಶ್ಚಿಮ ರಜಪೂತಾನದ ಭೂವಿಜ್ಞಾನವನ್ನು ವಿವರವಾಗಿ ಬರೆದರು. ವಿಮಾನ ಹುಟ್ಟುವ ಮೊದಲು, ಸುತ್ತಿಗೆ ಹಿಡಿದು ನಡೆದವರು ಕೊಟ್ಟ ಉತ್ತರ ಇದು.

ತಮ್ಮ: ಆದರೆ ಅಕ್ಕಾ, ಜೋಧಪುರದಷ್ಟು ಸಣ್ಣ ವಿಮಾನಗಳ ಸಂಭ್ರಮ ಕಂಡ ಮರುಭೂಮಿ ಭಾರತದಲ್ಲಿ ಇನ್ನೊಂದಿಲ್ಲ. ಮಹಾರಾಜ ಉಮೇದ್ ಸಿಂಗ್ ಸ್ವತಃ ಹಾರಾಟ ಕಲಿತವರು, ಫ್ಲೈಯಿಂಗ್ ಕ್ಲಬ್ ಕಟ್ಟಿದವರು, ಮಾರವಾಡದ ಉದ್ದಗಲಕ್ಕೂ ವಿಮಾನ ಇಳಿಯುವ ಬಯಲುಗಳನ್ನು ಮಾಡಿಸಿದವರು. 1930ರ ದಶಕದಲ್ಲಿ ಇಂಪೀರಿಯಲ್ ಏರ್‌ವೇಸ್ ಅಲ್ಲಿ ಇಳಿಯುತ್ತಿತ್ತು, ಡಚ್ಚರ ಕೆ.ಎಲ್.ಎಂ. ಕೂಡ. ಸ್ವಂತ ವಿಮಾನ, ಮರುಭೂಮಿ, ಜ್ವಾಲಾಮುಖಿಯ ನೆಲ, ಮೂರೂ ಒಂದೆಡೆ ಕೂಡಿದ್ದು ಅಲ್ಲೇ.

ಅಕ್ಕ: ಕೂಡಿತ್ತು, ಆದರೆ ಏನು ಹುಟ್ಟಿತು ಹೇಳು? ವರ್ಷಗಟ್ಟಲೆ ರಾಜರು, ಅತಿಥಿಗಳು, ಟಪಾಲಿನ ಪೈಲಟ್ಟುಗಳು ಆ ರಯೋಲೈಟ್ ಗುಡ್ಡಗಳ ಮೇಲೆ ಹಾರಿದರು. ಮಾಲಾನಿಯ ಬಗ್ಗೆ ಆ ಹಾರಾಟಗಳಿಂದ ಹೊಸದೊಂದು ಮಾತು ಬಂದದ್ದನ್ನು ನಾನು ಎಲ್ಲೂ ಓದಿಲ್ಲ. ಅವರನ್ನು ದೂರುತ್ತಿಲ್ಲ, ಅವರು ಅದಕ್ಕಾಗಿ ಹಾರಿದವರಲ್ಲ. ಹರ್ರಾದ ಗಾಳಿಪಟ ಮೇಲಿಂದ ಕಂಡದ್ದು ಅದಕ್ಕೆ ಆಕಾರ ಇದ್ದುದರಿಂದ. ಮಾಲಾನಿಗೆ ಆಕಾರ ಉಳಿದಿಲ್ಲ, ಹಾಗಾಗಿ ಪೈಲಟ್ಟಿನ ಬರಿಗಣ್ಣಿಗೆ ಅಲ್ಲಿ ಹೇಳುವಂಥದ್ದೇನೂ ಸಿಗಲಿಲ್ಲ. ಮರುಭೂಮಿ ಬರಿಮೈಯಾಗಿರುತ್ತದೆ, ಎಲ್ಲವೂ ಕಾಣುತ್ತದೆ ಎಂದೆಯಲ್ಲ, ಅದಕ್ಕೆ ಉತ್ತರ ಇದು.

ತಮ್ಮ: ಬರಿಗಣ್ಣಿಗೆ ಸಿಗಲಿಲ್ಲ ಸರಿ, ಉಪಕರಣಕ್ಕೆ? ಜೋಧಪುರದ ನೈಋತ್ಯದಲ್ಲಿ ಸಿವಾನಾ ಎಂಬಲ್ಲಿ ಗ್ರಾನೈಟ್ ಮತ್ತು ರಯೋಲೈಟಿನ ದೊಡ್ಡ ಉಂಗುರವೇ ಇದೆ. ಅಪರೂಪದ ಲೋಹಗಳಿಗಾಗಿ ಈಗ ಅಲ್ಲಿ ಹುಡುಕಾಟ ನಡೆದಿದೆ. 1967ರಲ್ಲಿ ಅಮೆರಿಕದ ನೆರವಿನಿಂದ ‘ಆಪರೇಷನ್ ಹಾರ್ಡ್‌ರಾಕ್’ ಎಂಬ ವೈಮಾನಿಕ ಸಮೀಕ್ಷೆ ರಾಜಸ್ಥಾನದ ಮೇಲೂ ಹಾರಿತು. 1980ರ ದಶಕದಲ್ಲಿ ಜಿ.ಎಸ್.ಐ. ತನ್ನದೇ ಟ್ವಿನ್ ಆಟರ್ ವಿಮಾನವನ್ನು ಈ ಕೆಲಸಕ್ಕೆ ಇಳಿಸಿತು. ಸಂಸ್ಥೆಯ ವೈಮಾನಿಕ ಸಮೀಕ್ಷಾ ವಿಭಾಗ ಇರುವುದು ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿ. ಕಲ್ಲಿನ ಕಾಂತಗುಣವನ್ನು ಮರಳಿನ ಮೇಲಿಂದಲೇ ಅಳೆಯುತ್ತದೆ. ಕಾಂತಕ್ಷೇತ್ರ ದೂರ ಸರಿದಂತೆ ಬೇಗ ಕುಂದುವುದರಿಂದ ಈ ಕೆಲಸ ಬಾಹ್ಯಾಕಾಶದಿಂದ ಆಗದು. ನೆಲಕ್ಕೆ ನೂರು ಮೀಟರಿನ ಆಸುಪಾಸು ಹಾರಲೇಬೇಕು. ಇಲ್ಲಿ ವಿಮಾನವೇ ಸಾಕ್ಷಿ, ಫಿರ್ಯಾದಿಯಲ್ಲ!

ಅಕ್ಕ: ಇದು ಈವರೆಗೆ ನೀನು ಆಡಿದ ಮಾತುಗಳಲ್ಲಿ ಅತ್ಯಂತ ಗಟ್ಟಿಯಾದದ್ದು. ಒಪ್ಪಿದೆ. ಮರಳಿನಡಿ ಹೂತ ಜ್ವಾಲಾಮುಖಿ ಶಿಲೆಯ ಎಲ್ಲೆ ಹಿಡಿಯಲು ಕಾಂತ ಸಮೀಕ್ಷೆಯಷ್ಟು ಒಳ್ಳೆಯ ಸಾಧನ ಕಡಿಮೆ. ಆದರೆ ಅದು ಎಂಥ ಹಾರಾಟ ಎಂಬುದನ್ನೂ ನೋಡು. ಒಂದೇ ಎತ್ತರ, ಒಂದೇ ವೇಗ, ಕೆಲವು ನೂರು ಮೀಟರ್ ಅಂತರದಲ್ಲಿ ಒಂದರ ಪಕ್ಕ ಒಂದು ನೇರ ಗೆರೆ, ದಿನವಿಡೀ. ಚೆಂದದ ಗುಡ್ಡ ಕಂಡಿತೆಂದು ತಿರುಗಿಸುವ ಹಾಗಿಲ್ಲ. ಹೊಲ ಉಳುವವನ ಕೆಲಸ ಅದು, ತಿರುಗಾಡಿಯದಲ್ಲ. ನಿನ್ನ ಹುಚ್ಚಿಗೆ ಬೇಕಾದ ‘ಅಲ್ಲೇನೋ ಕಾಣುತ್ತಿದೆ, ಹೋಗಿ ನೋಡೋಣ’ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ನೊಂದು, ಆ ನಕ್ಷೆಯಲ್ಲಿ ಉಬ್ಬಿದ ಜಾಗ ಸಿಕ್ಕಾಗ ಸಂಸ್ಥೆ ಮಾಡುವುದೇನು? ನೆಲಕ್ಕಿಳಿದು ಕೊರೆಯುತ್ತದೆ. ಕಾಂತಗುಣ ಅಲ್ಲೊಂದು ಬೇರೆ ಕಲ್ಲಿದೆ ಎನ್ನುತ್ತದೆ. ಯಾವ ಕಲ್ಲು, ಯಾವ ಕಾಲದ್ದು ಎಂದು ಹೇಳಲು ಕೊರೆದು ತೆಗೆದ ತುಂಡೇ ಬೇಕು. ಬಂಗಾಳದಲ್ಲೂ ಹೂಳಿನಡಿ ರಾಜಮಹಲ್ ಬಸಾಲ್ಟ್ ಹರಡಿರುವುದು ಖಚಿತವಾದದ್ದು ಕೊರೆದ ಬಾವಿಗಳಲ್ಲೇ. ಸುಮಾರು 11.8 ಕೋಟಿ ವರ್ಷದ ಲಾವಾ ಅದು. ಅದೇ ಬಸಾಲ್ಟನ್ನು ಝಾರ್ಖಂಡದ ಪಾಕುಡ್‌ನಲ್ಲಿ ಒಡೆದು ಜಲ್ಲಿ ಮಾಡಿ ಕೋಲ್ಕತ್ತದ ಕಾಂಕ್ರೀಟಿಗೆ ತರುತ್ತಾರೆ. ಕಸ್ಬಾದಲ್ಲಿ ಕಲ್ಲಿಲ್ಲ ಎನ್ನುವವರು ಮನೆ ಕಟ್ಟುವಲ್ಲಿ ರಸ್ತೆಬದಿ ಸುರಿದ ಕಪ್ಪು ಜಲ್ಲಿಯನ್ನು ಒಮ್ಮೆ ಬಗ್ಗಿ ನೋಡಬೇಕು.

ತಮ್ಮ: ನಿಮ್ಮ ಊರಿನ ಕಲ್ಲೂ ಅದೇ ಜಾತಿಯದಲ್ಲವೇ?

ಅಕ್ಕ: ಜಾತಿ ಒಂದೇ, ವಯಸ್ಸು ಬೇರೆ, ನಮ್ಮದು ಸುಮಾರು 6.6 ಕೋಟಿ. ವಿಜಯಪುರದ ಮೇಲೆ ಹಾರಿ ನೋಡು, ಏನು ಕಾಣುತ್ತದೆ? ಚಪ್ಪಟೆ ಎರೆಹೊಲ, ಜೋಳ, ನಡುವೆ ಗೋಳಗುಮ್ಮಟ. ಎರೆಮಣ್ಣು ಲಾವಾ ಕರಗಿ ಆದದ್ದು, ಗುಮ್ಮಟದ ಕಪ್ಪುಗಲ್ಲೂ ಲಾವಾ. ಆದರೆ ಐದು ಲಕ್ಷ ಚದರ ಕಿಲೋಮೀಟರ್ ಹಬ್ಬಿದ ಪ್ರಳಯದಂಥ ಉಕ್ಕಿನ ಮೇಲೆ ಹಾರುತ್ತಿದ್ದೇನೆ ಎಂದು ಯಾವ ಪೈಲಟ್ಟಿಗೂ ಹೊಳೆಯುವುದಿಲ್ಲ. ಈ ಕಪ್ಪುಕಲ್ಲಿನ ಅತಿ ದೊಡ್ಡ ಗುಟ್ಟು ಹೊರಬಿದ್ದದ್ದು ಕೈಯಲ್ಲಿ ಹಿಡಿಯುವಷ್ಟು ಸಣ್ಣ ತುಂಡುಗಳಿಂದ. ಲಾವಾ ಗಟ್ಟಿಯಾಗುವಾಗ ಅಂದಿನ ಭೂಕಾಂತದ ದಿಕ್ಕನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ದಖನ್ ಬಸಾಲ್ಟಿನ ಮಾದರಿಗಳನ್ನು ಅಳೆದು 1956ರಲ್ಲಿ ಪ್ರಕಟಿಸಿದ ಫಲಿತಾಂಶ ಏನು ಹೇಳಿತು ಗೊತ್ತೇ? ಈ ಲಾವಾ ಹರಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು. ಖಂಡಗಳು ಚಲಿಸುತ್ತವೆ ಎಂಬುದನ್ನು ಬಹುಮಂದಿ ಗೇಲಿ ಮಾಡುತ್ತಿದ್ದ ಕಾಲದಲ್ಲಿ ಬಂದ ಪುರಾವೆ ಅದು. ಚಿತ್ರದುರ್ಗದ ಮರಡಿಹಳ್ಳಿಗೂ ಹೋಗು. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿ ದಿಂಬಿನಂತೆ ಉಬ್ಬಿ ಗಟ್ಟಿಯಾದ ಲಾವಾ ಅಲ್ಲಿದೆ. ಇಂದಿನ ಆ ಬರಗಾಲದ ಸೀಮೆಯಲ್ಲಿ ಅಂದು ನೀರಿತ್ತು ಎಂಬುದಕ್ಕೆ ಆ ದಿಂಬುಗಳೇ ಸಾಕ್ಷಿ. ಮೇಲಿಂದ ಅದು ಬರೀ ಕುರುಚಲು ಗುಡ್ಡ.

ತಮ್ಮ: ಹಾಗಾದರೆ ಹಾರುವುದೇ ಬೇಡವೆನ್ನುತ್ತೀರಾ? ಅದು ದುಡ್ಡಿದ್ದವರ ಆಟ, ಎಣ್ಣೆ ಸುಡುವ ಚಟ ಎಂದು ಹೇಗೂ ಜನ ಅನ್ನುತ್ತಾರೆ. ಅದಕ್ಕೆ ನನ್ನ ಉತ್ತರವಿದೆ. ಎಚ್.ಎ.ಎಲ್. 1958ರಲ್ಲಿ ಹಾರಿಸಿದ ‘ಪುಷ್ಪಕ್’ ಎಂಬ ಎರಡು ಸೀಟಿನ ವಿಮಾನವನ್ನು ಮಾಡಿದ್ದೇ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಸಾಮಾನ್ಯ ಮನೆಗಳ ಹುಡುಗರು ಹಾರಾಟ ಕಲಿಯಲೆಂದು. ಬೆಂಗಳೂರಿನ ಎನ್.ಎ.ಎಲ್. ಮಾಡಿದ ‘ಹಂಸ’ 1993ರಲ್ಲಿ ಹಾರಿತು, ಅದರ ಹೊಸ ರೂಪ 2021ರಲ್ಲಿ. ಗಂಟೆಗೆ ಮೂವತ್ತು ಲೀಟರಿನ ಸುಮಾರು ಸುಡುವ ಯಂತ್ರವನ್ನು ಕೋಟ್ಯಧಿಪತಿಗಳ ಜೆಟ್ಟಿನ ಜೊತೆ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಅಕ್ಕ: ತಕ್ಕಡಿ ಬೇರೆ, ಒಪ್ಪಿದೆ. ಆದರೂ ನಿನ್ನ ಪೆಟ್ರೋಲಿನಲ್ಲಿ ಇಂದಿಗೂ ಸೀಸ ಬೆರೆತಿದೆ. ಕಾರುಗಳು ಅದನ್ನು ಬಿಟ್ಟು ದಶಕಗಳಾದವು. ಅದು ತಮಾಷೆಯ ವಿಷಯವಲ್ಲ. ಇನ್ನು ಥಾರಿನ ಪಶ್ಚಿಮ ಗಡಿಸೀಮೆ, ಜೋಧಪುರದ ವಾಯುನೆಲೆ. ಅಲ್ಲಿ ಇಷ್ಟ ಬಂದಂತೆ ಅಲೆಯಲು ಬಿಡುವುದಿಲ್ಲ, ಬಿಡಲೂಬಾರದು. ವಿಮಾನದಿಂದ ನೆಲದ ಚಿತ್ರ ತೆಗೆಯುವುದಕ್ಕೂ ನಮ್ಮಲ್ಲಿ ಅನುಮತಿಯ ನಿಯಮಗಳಿವೆ. ಇದಕ್ಕಿಂತ ದೊಡ್ಡದು ಮರುಭೂಮಿಯ ಗಾಳಿ. ಕಾದ ಗಾಳಿ ತೆಳು. ಜೋಧಪುರ ಇರುವುದು ಸಮುದ್ರಮಟ್ಟದಿಂದ 230 ಮೀಟರಿನ ಸುಮಾರು ಎತ್ತರದಲ್ಲಾದರೂ 45 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 1,400 ಮೀಟರ್ ಎತ್ತರದ ಗಾಳಿಯಂತೆ ವರ್ತಿಸುತ್ತದೆ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಕಪ್ಪುಕಲ್ಲು ಇನ್ನೂ ಹೆಚ್ಚು ಕಾಯುವುದರಿಂದ ಅದರ ಮೇಲೆ ಗಾಳಿ ಎದ್ದು ಕುದಿಯುತ್ತದೆ. ಆಗ ಹೇಳಿದ ಅರಿಜೋನಾದ ಉಲ್ಕಾಗುಂಡಿಯೊಳಕ್ಕೆ 1964ರ ಆಗಸ್ಟಿನಲ್ಲಿ ಇಬ್ಬರು ಒಂದು ಸೆಸ್ನಾ 150ನ್ನು ಇಳಿಸಿ ನೋಡಹೊರಟರು. ಒಳಗೆ ಹೋದ ವಿಮಾನ ಮೇಲೇರಲಿಲ್ಲ. ಗುಂಡಿಯೊಳಗೇ ಸುತ್ತಿ ಸುತ್ತಿ ನೆಲಕ್ಕೆ ಬಡಿಯಿತು. ಇಬ್ಬರೂ ಪೆಟ್ಟು ತಿಂದು ಬದುಕಿಕೊಂಡದ್ದು ಅದೃಷ್ಟ. ಅವರಿಬ್ಬರೂ ಕಲಿಯುವ ಹುಡುಗರಲ್ಲ, ವೃತ್ತಿಪರ ಪೈಲಟ್ಟುಗಳು. ಜೋಧಪುರದ ಮಹಾರಾಜ ಹನವಂತ ಸಿಂಗ್ 1952ರ ಜನವರಿ 26ರಂದು ತಮ್ಮದೇ ಸಣ್ಣ ವಿಮಾನದಲ್ಲಿ ಬಿದ್ದು ಸತ್ತರು, ಜೊತೆಗಿದ್ದ ಪತ್ನಿಯೂ.

ತಮ್ಮ: ಇಷ್ಟೆಲ್ಲ ಹೇಳಿ ನನ್ನ ರೆಕ್ಕೆ ಕಟ್ಟಿಹಾಕಿದಿರಿ.

ಅಕ್ಕ: ಇಲ್ಲ ಮಾರಾಯ, ಹಾರು. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಅನುಮತಿ ಇರುವಲ್ಲಿ, ಗುಂಡಿಯೊಳಗೆ ಮೂಗು ತೂರಿಸದೆ ಹಾರು. ನಾನು ಕೇಳುವುದು ಎರಡನೆಯ ಅರ್ಧವನ್ನು. ಮೇಲಿಂದ ಏನಾದರೂ ಕಂಡರೆ ಜಾಗ, ಹೊತ್ತು, ಎತ್ತರ, ಕ್ಯಾಮೆರಾದ ದಿಕ್ಕು ಬರೆದಿಟ್ಟುಕೋ; ಇವಿಲ್ಲದ ಚಿತ್ರ ಗೋಡೆಗೆ ಚೆಂದ, ಭೂವಿಜ್ಞಾನಿಗೆ ನಿರುಪಯೋಗಿ. ಆಮೇಲೆ ಅಲ್ಲಿಗೆ ಬಸ್ಸೋ ಜೀಪೋ ಹಿಡಿದು ಹೋಗು, ಅಥವಾ ಹೋಗುವವರ ಕೈಗೆ ಅದನ್ನು ಕೊಡು. ಅಲ್ಲಿಯವರೆಗೆ ‘ಹೊಸ ಜ್ವಾಲಾಮುಖಿ ಕಂಡೆ’ ಎಂದು ಊರಿಗೆಲ್ಲ ಸಾರಬೇಡ.

ತಮ್ಮ: ವಿಮಾನವಿಲ್ಲದ ನಮ್ಮಂಥವರು?

ಅಕ್ಕ: ಜೋಧಪುರಕ್ಕೆ ರೈಲಿದೆ. ಕನ್ನಡಿಗರು ಅಲ್ಲಿಗೆ ದಂಡುಗಟ್ಟಿ ಹೋಗುತ್ತಾರೆ, ಕೋಟೆ ನೋಡುತ್ತಾರೆ, ನೀಲಿ ಮನೆಗಳ ಫೋಟೊ ತೆಗೆಯುತ್ತಾರೆ, ಬರುತ್ತಾರೆ. ಮೆಹ್ರಾನ್‌ಗಢದ ಬಾಗಿಲಿಗೆ ಹೋಗುವ ಮೊದಲು ಕೋಟೆಯ ಬುಡದಲ್ಲಿ ಹತ್ತು ನಿಮಿಷ ನಿಲ್ಲಿ. ಗೋಡೆಗೆ ಏರಿಸಿದ ಮರಳುಗಲ್ಲಿಗೂ ಅದರ ಅಡಿಯ ಬಂಡೆಗೂ ಇರುವ ವ್ಯತ್ಯಾಸ ನೋಡಿ. ಕೆಳಗಿನದು 75 ಕೋಟಿ ವರ್ಷದ ಹಿಂದೆ ಸಿಡಿದ ಜ್ವಾಲಾಮುಖಿಯದು. ಮುಟ್ಟಿ ನೋಡಿ, ಒಡೆದು ತರಬೇಡಿ. ಜೋಧಪುರದ ಆ ಶಿಲೆಗಳನ್ನು ಜಿ.ಎಸ್.ಐ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.